ಉಮ್ ಜಾಬಿರ್ ಮಾತಾಡಿದ ಕ್ಯಾಸೆಟ್ಟು

ಹಸೈನಾರ್ ಬಾಯಿ ಬಿಟ್ಟರೆ ಸಾಕು, ದೋಹಾದ ಅಂಗಡಿಯವರು ತೂಗುತ್ತಿದ್ದ ಟೊಮೆಟೊ ಬಿಟ್ಟು ನಗುತ್ತಿದ್ದರು. ಅವನ ಅರಬ್ಬಿ ಕೆಟ್ಟದಾಗಿತ್ತು ಅಂತಲ್ಲ. ಕೆಟ್ಟ ಅರಬ್ಬಿಗೆ ಅಲ್ಲಿ ಯಾರೂ ನಗುವುದಿಲ್ಲ. ನಮ್ಮವರೆಲ್ಲ ಮಾಡುವುದು ಅದನ್ನೇ ತಾನೆ, ಇಪ್ಪತ್ತು ವರ್ಷ ಇದ್ದರೂ ಮಾಫಿ, ಖಲಾಸ್, ಯಲ್ಲಾ, ಅಂದರೆ ಇಲ್ಲ, ಮುಗೀತು, ನಡಿ ಎಂಬ ಮೂರು ಪದದಲ್ಲಿ ಸಂಸಾರ ಸಾಗಿಸಿಬಿಡುತ್ತಾರೆ. ಹಸೈನಾರನದು ಬೇರೆ ಕತೆ. ಪುತ್ತೂರಿನ ಕಡೆಯ ಈ ಬ್ಯಾರಿ ಮುಸಲ್ಮಾನನ ಬಾಯಿಂದ ಬರುತ್ತಿದ್ದುದು ಮರಳುಗಾಡಿನ ಮುದುಕಿಯರ ಅರಬ್ಬಿ. ಚೆಕ್ಸ್ ಶರ್ಟು ತೊಟ್ಟ, ಮೀಸೆ ಸಣ್ಣಗೆ ಕತ್ತರಿಸಿದ ನಲವತ್ತೆರಡರ ಗಂಡಸು ಬಂದು ನಿಮ್ಮ ಮುತ್ತಜ್ಜಿಯ ಮಾತಿನಲ್ಲಿ ಈರುಳ್ಳಿ ಕೇಳಿದರೆ ನೀವಾದರೂ ನಗುವುದಿಲ್ಲವೇ?

ಒಮ್ಮೆ ಅಲ್ ಮುಂತಜಾದ ಬಟ್ಟೆ ಅಂಗಡಿಯಲ್ಲಿ ಒಬ್ಬ ಪ್ಯಾಲೆಸ್ತೀನಿ ಗುಮಾಸ್ತ ಅವನನ್ನು ಕೂರಿಸಿ, ಚಹಾ ಕೊಡಿಸಿ, ಇನ್ನೂ ಸ್ವಲ್ಪ ಮಾತಾಡು ಅಂದನಂತೆ. ಹಸೈನಾರ್ ಚಹಾ ಕುಡಿದ, ಮಾತಾಡಲಿಲ್ಲ. ಅವನಿಗೆ ಬೇಜಾರಾಗಿತ್ತು. ತನ್ನ ಮಾತಿನಲ್ಲಿ ನಗುವಂಥದ್ದು ಏನಿದೆ ಎಂಬುದು ಅವನಿಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಅರಬ್ಬಿ ಎಂದರೆ ಅದೇ ಅಂದುಕೊಂಡಿದ್ದ, ಪಾಪ.

ಅವನು ಕತಾರಿಗೆ ಬಂದದ್ದು ಎಪ್ಪತ್ತನಾಲ್ಕರಲ್ಲಿ, ಇಪ್ಪತ್ತರ ಹುಡುಗನಾಗಿ. ಡ್ರೈವರ್ ಕೆಲಸ ಅಂದಿದ್ದರು. ಬಂದು ನೋಡಿದರೆ ಡ್ರೈವರ್ ಹೌದು, ಆದರೆ ರಸ್ತೆ ಇಲ್ಲ. ದಕ್ಷಿಣದ ಮರಳಿನಲ್ಲಿ ಡೇರೆ ಹಾಕಿಕೊಂಡಿದ್ದ, ಬದು ಎಂಬ ಅಲೆಮಾರಿ ಅರಬ್ಬರ ಒಂದು ಕುಟುಂಬದ ಒಂಟೆಗಳಿಗೆ ಟ್ಯಾಂಕರಿನಲ್ಲಿ ನೀರು ತರುವ ಕೆಲಸ. ಸುತ್ತ ಮೂವತ್ತು ಮೈಲಿಗೆ ಕನ್ನಡವೂ ಇಲ್ಲ, ಬ್ಯಾರಿಯೂ ಇಲ್ಲ, ಮಲಯಾಳವೂ ಇಲ್ಲ. ಗಂಡಸರು ಒಂಟೆಗಳ ಹಿಂದೆ ಹೋದರೆ ಸಂಜೆಯವರೆಗೆ ಡೇರೆಯಲ್ಲಿ ಉಳಿಯುತ್ತಿದ್ದವಳು ಮನೆಯ ಯಜಮಾನಿ ಉಮ್ ಜಾಬಿರ್, ಅಂದರೆ ಜಾಬಿರನ ತಾಯಿ. ಹಣೆ ಮೂಗು ಮುಚ್ಚುವ ಕಪ್ಪು ಬತ್ತೂಲಾದ ಸಂದಿನಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಬಾಯಿ ಕಾಣದಿದ್ದರೇನು, ಕೇಳುತ್ತಿತ್ತಲ್ಲ, ಬೇಕಾದಷ್ಟು ಕೇಳುತ್ತಿತ್ತು. ಹಸೈನಾರ್ ಎಂಬ ಹೆಸರನ್ನು ಮೊದಲ ದಿನವೇ ಹ್ಸೇನ್ ಎಂದು ಕತ್ತರಿಸಿ, ಎರಡನೆಯ ದಿನದಿಂದ ಅವನ ಮಾತು ತಿದ್ದಲು ಕೂತಳು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ತಿದ್ದುವುದು ಮಾತ್ರ ಶಾಲೆಯ ಹೆಡ್ಮಾಸ್ತರರನ್ನು ಮೀರಿಸುತ್ತಿತ್ತು. ಒಂದು ದಿನ ಅವಳೂ ಅವಳ ಇಬ್ಬರು ತಂಗಿಯರೂ ಕೂತಿದ್ದಾಗ ಹಸೈನಾರ್ 'ನೀವು ಕಾಫಿ ಕುಡಿದಿರಾ?' ಅಂದ. ಪೇಟೆಯವರು ಗಂಡಸರಿಗೂ ಹೆಂಗಸರಿಗೂ ಒಂದೇ 'ನೀವು' ಅನ್ನುತ್ತಾರೆ, ಅದನ್ನೇ ಅವನು ಎಲ್ಲೋ ಹೆಕ್ಕಿಕೊಂಡಿದ್ದ. ಉಮ್ ಜಾಬಿರ್ ತಂಗಿಯರ ಕಡೆ ತಿರುಗಿ, ನಮಗೇನು ಗಡ್ಡ ಬಂದಿದೆಯಾ ನೋಡಿ ಅಂದಳು. ಅವಳ ಮಾತಿನಲ್ಲಿ ಹೆಂಗಸರ ಗುಂಪಿಗೆ ಬೇರೆಯೇ 'ನೀವು' ಇತ್ತು, ಕುಡಿದಿರಿ ಎಂಬುದಕ್ಕೂ ಬೇರೆಯೇ ರೂಪ ಇತ್ತು. ಪೇಟೆಯವರು ಮನೆಗೆ 'ಬೇತ್' ಅಂದು ಬಾಯಿ ಮುಚ್ಚಿದರೆ, ದೊಡ್ಡ ಮನೆ ಎನ್ನುವಾಗ ಅವಳು 'ಬೇತಿನ್' ಎಂದು ಸಣ್ಣದೊಂದು ಬಾಲ ಎಳೆದು ಆಮೇಲೆ 'ದೊಡ್ಡ' ಅನ್ನುತ್ತಿದ್ದಳು. ಸರಿಯಾಗಿ ಹೇಳುವವರೆಗೆ ಹಸೈನಾರನಿಗೆ ಕಾಫಿ ಇಲ್ಲ. ಕಾಫಿ ಬೇಕಿತ್ತು, ಕಲಿತ. ಆರು ತಿಂಗಳಲ್ಲಿ ಅವಳನ್ನು 'ಯುಮ್ಮಾ' ಎಂದು ಕರೆಯತೊಡಗಿದ. ತಾಯಿಗೆ ಅವರು ಹಾಗೆ ಅನ್ನುತ್ತಾರೆ, ಊರಲ್ಲಿ ನಮ್ಮ ಬ್ಯಾರಿಗಳು ಉಮ್ಮ ಅನ್ನುವ ಹಾಗೆ. ಅವನ ಸ್ವಂತ ಉಮ್ಮ ತೀರಿಕೊಂಡಾಗ ಅವನಿಗೆ ಎಂಟು ವರ್ಷ.

ಎಂಬತ್ತರ ಸುಮಾರಿಗೆ ಸರಕಾರ ಕೊಟ್ಟ ಜಾಗದಲ್ಲಿ ಆ ಕುಟುಂಬ ಅಲ್ ಗರಾಫಾದಲ್ಲಿ ಮನೆ ಕಟ್ಟಿತು. ಮಗ ಜಾಬಿರ್ ಸರಕಾರಿ ಕಚೇರಿ ಸೇರಿದ. ಒಂಟೆ ಹೋಗಿ ಕಾರು ಬಂತು, ಟ್ಯಾಂಕರ್ ಡ್ರೈವರ್ ಮನೆಯ ಡ್ರೈವರ್ ಆದ. ಮೊಮ್ಮಕ್ಕಳು ಟಿವಿ ನೋಡಿ, ಶಾಲೆಗೆ ಹೋಗಿ, ಎಲ್ಲರ ಹಾಗೆ ಪೇಟೆಯ ಅರಬ್ಬಿ ಮಾತಾಡಿದರು. ಉಮ್ ಜಾಬಿರಳ ತಂಗಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಕೊನೆಗೆ ಆ ದೊಡ್ಡ ಮನೆಯಲ್ಲಿ ಅವಳ ಮಾತನ್ನು ಅವಳ ಹಾಗೆಯೇ ಆಡುವವನು ಒಬ್ಬನೇ ಉಳಿದ, ಪುತ್ತೂರಿನ ಹಸೈನಾರ್. ಸಂಜೆಯ ಅಸರ್ ನಮಾಜಿನ ನಂತರ ಅವಳು ಹಿತ್ತಿಲ ಚಪ್ಪರದಡಿ ಚಾಪೆ ಹಾಸಿ ಕೂತು ಅವನನ್ನು ಕೂಗುತ್ತಿದ್ದಳು. ಕೆಲಸ ಏನೂ ಇರುತ್ತಿರಲಿಲ್ಲ. ಮಾತಾಡಬೇಕಿತ್ತು, ಅಷ್ಟೆ.

ಇನ್ನು ಹಸೈನಾರನ ಊರಿನ ವಿಷಯ. ಹೆಂಡತಿ ಶರೀಫಾ ಇದ್ದದ್ದು ಕುಂಬ್ರದ ಹತ್ತಿರ. ಅವಳಿಗೂ ಓದು ಬರಹ ಇಲ್ಲ, ಇವನಿಗೂ ಅಷ್ಟಕ್ಕಷ್ಟೆ. ಪತ್ರ ಬರೆಸಬೇಕಾದರೆ ಇನ್ನೊಬ್ಬರ ಮುಂದೆ ಮನೆಯ ಗುಟ್ಟು ಬಿಚ್ಚಬೇಕು. ಹಾಗಾಗಿ ಗಲ್ಫಿನ ಎಷ್ಟೋ ಮನೆಗಳಲ್ಲಿ ನಡೆದುಕೊಂಡು ಬಂದ ಹಾಗೆ ಇವರದೂ ಕ್ಯಾಸೆಟ್ಟಿನ ಸಂಸಾರ. ಹಸೈನಾರ್ ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ಟು ಕಳಿಸುವುದು. ಶರೀಫಾ ಕೇಳಿ, ಅದೇ ಕ್ಯಾಸೆಟ್ಟಿನ ಮೇಲೆ, ಇವನ ಮಾತು ಅಳಿಸಿ, ತನ್ನ ಉತ್ತರ ರೆಕಾರ್ಡ್ ಮಾಡಿ ಬರುವವರ ಕೈಯಲ್ಲಿ ವಾಪಸು ಕಳಿಸುವುದು. ಹದಿನೇಳು ವರ್ಷದ ದಾಂಪತ್ಯದಲ್ಲಿ ಎರಡು ವರ್ಷಕ್ಕೊಮ್ಮೆ ಸಿಗುವ ಎರಡು ತಿಂಗಳು ರಜೆ ಬಿಟ್ಟರೆ ಉಳಿದದ್ದೆಲ್ಲ ಮೂರು ಕ್ಯಾಸೆಟ್ಟುಗಳಲ್ಲಿ ಹೋಗಿ ಬಂದು ಮಾಡುತ್ತಿತ್ತು. ಹಳೆಯದನ್ನು ಇಟ್ಟುಕೊಳ್ಳಬೇಕು ಎಂದು ಇಬ್ಬರಿಗೂ ಹೊಳೆದೇ ಇರಲಿಲ್ಲ. ಊಟ ಮಾಡಿದ ಬಟ್ಟಲನ್ನು ತೊಳೆದು ಮತ್ತೆ ಬಡಿಸುವುದಿಲ್ಲವೇ, ಹಾಗೆ.

ತೊಂಬತ್ತಾರರ ಚಳಿಗಾಲದಲ್ಲಿ ಜಾಬಿರನ ಮಗಳು ಮುನೀರಾ ಒಂದು ವಿಷಯ ತಂದಳು. ಅವಳು ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಓದುತ್ತಿದ್ದಳು. ಚಿಕ್ಕಂದಿನಿಂದ ಶಾಲೆಗೆ ಕರೆದುಕೊಂಡು ಹೋದವನೆಂದು ಹಸೈನಾರನನ್ನು ಚಿಕ್ಕಪ್ಪ ಎಂದೇ ಕರೆಯುತ್ತಿದ್ದಳು. ಅವಳ ಪಾಠದ ಮಾಸ್ತರರು ಸುಡಾನಿನವರು. ಅವರು ಹೇಳಿದರಂತೆ, ಪದದ ತುದಿಯ ಆ ಬಾಲ, ಹೆಂಗಸರಿಗೇ ಇರುವ ಆ ರೂಪ, ಇವೆಲ್ಲ ಸಾವಿರದ ಮುನ್ನೂರು ವರ್ಷದ ಹಿಂದಿನ ಅರಬ್ಬಿಯಲ್ಲಿ ಇದ್ದವು, ಪೇಟೆಗಳ ಬಾಯಿಂದ ಯಾವಾಗಲೋ ಉದುರಿಹೋದವು, ಮರುಭೂಮಿಯ ಮುದುಕ ಮುದುಕಿಯರಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿವೆ ಎಂದು. ನಮ್ಮ ಕಡೆ ಹವ್ಯಕರ ಮನೆಮಾತಿನಲ್ಲಿ ಹಳಗನ್ನಡದ ತುಂಡುಗಳು ಉಳಿದಿವೆ ಅನ್ನುವುದಿಲ್ಲವೇ, ಆ ಥರ. ಹಸೈನಾರ್ ಕಾರು ಓಡಿಸುತ್ತಲೇ ಇದನ್ನೆಲ್ಲ ಕೇಳಿದ. ತರಕಾರಿ ಅಂಗಡಿಯವರ ನಗು ನೆನಪಾಗಿ, ಮೂರ್ಖರು ಅಂತ ಮನಸ್ಸಿನಲ್ಲೇ ಬೈದುಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ನಾಲಗೆಯ ಬಗ್ಗೆ ಹೆಮ್ಮೆಯಾಯಿತು.

ಮುನೀರಾಗೆ ಅಜ್ಜಿಯ ಮಾತು ರೆಕಾರ್ಡ್ ಆಗಬೇಕಿತ್ತು. ಅಜ್ಜಿ ಒಪ್ಪಲಿಲ್ಲ. ಫೋಟೋಕ್ಕೂ ಜನ್ಮದಲ್ಲಿ ನಿಂತವಳಲ್ಲ. ಪೆಟ್ಟಿಗೆಯ ಹತ್ತಿರ ಮಾತಾಡಲು ನನಗೇನು ಹುಚ್ಚೇ ಅಂದಳು. ಕೊನೆಗೆ, ಹ್ಸೇನ್ ಎದುರು ಕೂತರೆ ಅವನ ಹತ್ತಿರ ಮಾತಾಡುತ್ತೇನೆ, ಪೆಟ್ಟಿಗೆ ಬೇಕಾದರೆ ಪಕ್ಕದಲ್ಲಿ ಬಿದ್ದಿರಲಿ ಎಂದಳು. ಮೂರು ಸಂಜೆ ಹಾಗೆಯೇ ಆಯಿತು. ಬತ್ತಿದ ಬಾವಿಗಳ ಹೆಸರು, ಒಂಟೆಗೆ ಕಜ್ಜಿ ಬಂದರೆ ಏನು ಹಚ್ಚಬೇಕು, ದಾರಿಯಲ್ಲೇ ಜಾಬಿರನನ್ನು ಹೆತ್ತು ಮರುದಿನ ಮತ್ತೆ ಒಂಟೆ ಏರಿದ್ದು, ಸೊಸೆಗೆ ಅನ್ನ ಬೇಯಿಸಲು ಬಾರದು ಎಂಬುದು, ಎಲ್ಲವೂ ಬಂತು. ಹಸೈನಾರ್ ಹೂಂಗುಟ್ಟಿದ, ಅಡ್ಡ ಮಾತಾಡಿದ, ನಗಿಸಿದ, ತಾನೂ ನಕ್ಕ. ಗುರುವಾರ ಕ್ಯಾಸೆಟ್ಟು ಹೆಚ್ಚುಕಮ್ಮಿ ತುಂಬಿತು. ಶನಿವಾರ ಮುನೀರಾಳನ್ನು ಕಾಲೇಜಿಗೆ ಬಿಡುವಾಗ ಕೊಡೋಣವೆಂದು ಅವನು ಅದನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟ. ಶರೀಫಾಳಿಗೆ ಮಾತಾಡಿಟ್ಟ ಕ್ಯಾಸೆಟ್ಟೂ ಅಲ್ಲೇ ಇತ್ತು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಅಲ್ ಮುಂತಜಾಕ್ಕೆ ಹೋದ. ಅವನ ಊರಿನವನೇ ಆದ ಸರ್ಫರಾಝ್ ತಂಗಿಯ ಮದುವೆಗೆಂದು ಹದಿನೈದು ದಿನದ ರಜೆಯಲ್ಲಿ ಹೊರಟಿದ್ದ. ಟ್ಯಾಕ್ಸಿಗೆ ಸಾಮಾನು ಹತ್ತಿಸುವ ಗಡಿಬಿಡಿ. ಹಸೈನಾರ್ ಡ್ಯಾಶ್‌ಬೋರ್ಡಿಗೆ ಕೈ ಹಾಕಿ ಕ್ಯಾಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ಕೊಟ್ಟ. ಎಷ್ಟೋ ವರ್ಷದಿಂದ ಅವನ ಕೈಗೆ ಕ್ಯಾಸೆಟ್ಟು ಎಂದರೆ ಒಂದೇ ಅರ್ಥ, ಊರಿಗೆ ಹೋಗುವುದು. ನೋಡುವ ಅಭ್ಯಾಸವೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಉಮ್ ಜಾಬಿರ್ ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಲು ಹೋದವಳು ಬಚ್ಚಲಲ್ಲೇ ಕುಸಿದಳು. ಆಮೇಲೆ ಆಸ್ಪತ್ರೆ, ಮನೆ, ಆಸ್ಪತ್ರೆ. ಆರನೆಯ ದಿನ ಹೋಗಿಬಿಟ್ಟಳು. ಹಸೈನಾರ್ ಗಂಡಸರ ಜತೆ ನಿಂತು ಮಣ್ಣು ಹಾಕಿದ. ಮೂರು ದಿನ ಸಂತಾಪಕ್ಕೆ ಬಂದವರಿಗೆ ಕಾಫಿ ಬಗ್ಗಿಸಿ ಕೊಟ್ಟ. ಅಳಲು ಪುರುಸೊತ್ತು ಸಿಗಲಿಲ್ಲ. ನಾಲ್ಕನೆಯ ದಿನ ಅಸರ್ ಹೊತ್ತಿಗೆ ಅವನ ಕಾಲುಗಳು ತಾವಾಗಿ ಚಪ್ಪರದ ಕಡೆ ನಡೆದವು. ಚಾಪೆ ಸುತ್ತಿ ಗೋಡೆಗೆ ಒರಗಿಸಿದ್ದರು. ಅಲ್ಲಿ ಕೂತು ಅತ್ತ, ಮನಸ್ಸು ಹಗುರಾಗುವವರೆಗೆ ಅತ್ತ.

ಅಲ್ಲಿಗೇ ಬಂದು ಮುನೀರಾ ಕ್ಯಾಸೆಟ್ಟು ಎಲ್ಲಿ ಎಂದು ಕೇಳಿದಳು. ಅವಳ ಕಣ್ಣೂ ಊದಿಕೊಂಡಿತ್ತು. ಅಜ್ಜಿಯ ಒಂದು ಫೋಟೋ ಇಲ್ಲ, ಧ್ವನಿಯಾದರೂ ಇದೆಯಲ್ಲ ಅಂದಳು. ಹಸೈನಾರ್ ಕಾರಿನಿಂದ ತಂದುಕೊಟ್ಟ. ಅವಳು ಅಲ್ಲೇ ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದಳು. ಒಳಗಿನಿಂದ ಹಸೈನಾರನದೇ ಧ್ವನಿ ಗಂಟಲು ಸರಿಮಾಡಿಕೊಂಡು ಬ್ಯಾರಿಯಲ್ಲಿ ಶುರುವಾಯಿತು: ಶರೀಫಾ, ಸಲಾಂ, ಇಲ್ಲಿ ಎಲ್ಲ ಕ್ಷೇಮ, ಮಾಡಿನ ಹಂಚು ಬದಲಿಸಿ ಆಯಿತಾ, ತೆಂಗಿನಕಾಯಿ ಎಷ್ಟು ಬಿತ್ತು.

ಹಸೈನಾರ್ ಗುಂಡಿ ಒತ್ತಿ ನಿಲ್ಲಿಸಿದ. ಅಜ್ಜಿಯ ಕ್ಯಾಸೆಟ್ಟು ಕುಂಬ್ರಕ್ಕೆ ಹೋಗಿದೆ. ಹೋದದ್ದು ದೊಡ್ಡದಲ್ಲ, ಹೋದದ್ದು ಬರಬಹುದು. ಆದರೆ ಕುಂಬ್ರಕ್ಕೆ ಹೋದ ಕ್ಯಾಸೆಟ್ಟಿನ ಮೇಲೆ ಶರೀಫಾ ಏನು ಮಾಡುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ತಾನೇ ಹಾಕಿಕೊಟ್ಟ ಪದ್ಧತಿ. ಮುನೀರಾಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಎದ್ದು ಒಳಗೆ ಹೋದಳು, ಎರಡು ದಿನ ಅವನ ಕಾರು ಹತ್ತಲಿಲ್ಲ.

ಅವನು ಕಾರ್ಡ್ ಫೋನಿನ ಬೂತಿಗೆ ಓಡಿದ. ಊರಿನಲ್ಲಿ ಫೋನ್ ಇದ್ದದ್ದು ಪಕ್ಕದ ಮನೆಯ ಕಾಂತಾಮಣಿ ಟೀಚರಲ್ಲಿ. ಟೀಚರೇ ಎತ್ತಿದರು. ಶರೀಫಾ ನಾದಿನಿಯ ಮನೆಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ ಅಂದರು. ಹಸೈನಾರ್ ಒಂದೇ ಉಸಿರಿನಲ್ಲಿ, ಈ ಸಲದ ಕ್ಯಾಸೆಟ್ಟಿನ ಮೇಲೆ ಮಾತಾಡಬಾರದು ಅಂತ ಹೇಳಿ ಟೀಚರೇ ಅಂದ.

"ಅಯ್ಯೋ, ಅವಳು ಮಾತಾಡಿ ಆಯ್ತಲ್ಲ ಹಸೈನಾರ್ರೇ," ಅಂದರು ಟೀಚರು. "ಮೊನ್ನೆ ನಾನೇ ಕಂಡೆ, ಕೆಂಪು ಬಟನ್ ಒತ್ತಿಕೊಂಡು ಕೂತಿದ್ದಳು. ಕ್ಯಾಸೆಟ್ ಸರ್ಫರಾಝ್ ಕೈಗೆ ಹೋಗಿಯೂ ಆಯ್ತು."

ಎಷ್ಟು ಹೊತ್ತು ಮಾತಾಡಿದಳು ಎಂದು ಕೇಳಬೇಕೆನ್ನುವಷ್ಟರಲ್ಲಿ ಕಾರ್ಡು ಮುಗಿಯಿತು. ಮರುದಿನ ಫೋನ್ ಮಾಡಿ ಕೇಳಲು ಹೆದರಿದ. ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. ಮುದುಕಿಯ ಮುಖವನ್ನು ಅವನು ಎಂದೂ ಪೂರ್ತಿ ಕಂಡವನಲ್ಲ. ಅವನ ಪಾಲಿಗೆ ಅವಳೆಂದರೆ ಆ ಧ್ವನಿಯೇ. ಅದನ್ನು ಮಣ್ಣು ಮಾಡಿದವನು ನಾನೇ ಎಂದು ಒಳಗೊಳಗೇ ಬೇಯುತ್ತಿದ್ದ.

ಸರ್ಫರಾಝ್ ಬಂದಿಳಿದ ದಿನ ವಿಮಾನ ನಿಲ್ದಾಣಕ್ಕೇ ಹೋಗಿ ನಿಂತ. ಸರ್ಫರಾಝನಿಗೆ ಇದೊಂದು ತಮಾಷೆ. ದಾರಿಯುದ್ದಕ್ಕೂ ನಗುತ್ತಲೇ ಹೇಳಿದ. ಕ್ಯಾಸೆಟ್ಟು ಹಾಕಿದರೆ ಅರಬ್ಬಿ ಬಂತಲ್ಲ, ಗಂಡ ಯಾರೋ ಪುಣ್ಯವಂತೆಯ ಎದುರು ಕೂತು ಧರ್ಮಬೋಧನೆಯ ಪ್ರಸಂಗ ಹಿಡಿದು ಕಳಿಸಿದ್ದಾನೆ ಎಂದು ಶರೀಫಾ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದಳಂತೆ. ಎಲ್ಲರೂ ವುಜೂ ಮಾಡಿ, ತಲೆಗೆ ಬಟ್ಟೆ ಹೊದ್ದು, ಒಂದು ಗಂಟೆ ಭಕ್ತಿಯಿಂದ ಕೂತು ಕೇಳಿದರಂತೆ. ಇಬ್ಬರು ಅತ್ತೂ ಅತ್ತರಂತೆ. ಕೊನೆಗೆ ಅರ್ಥ ತಿಳಿಯಲೆಂದು ಮದರಸದಲ್ಲಿ ಕಲಿಸುವ ಮುಸ್ಲಿಯಾರರನ್ನು ಕರೆಸಿದರು. ಅವರು ಕಿವಿ ಹಚ್ಚಿ ಕೇಳಿ, ಇದು ಪ್ರಸಂಗವಲ್ಲ, ಒಂಟೆಯ ಕಜ್ಜಿಯ ವಿಷಯ ಅಂದರು. ಆದರೆ ಎದ್ದು ಹೋಗಲಿಲ್ಲ. ಮೂವತ್ತು ವರ್ಷದಿಂದ ಕಿತಾಬಿನಲ್ಲಿ ಮಕ್ಕಳಿಗೆ ಕಲಿಸುವ ರೂಪಗಳನ್ನು ಒಬ್ಬ ಹೆಂಗಸು ಬಾಯಲ್ಲಿ ಆಡುವುದನ್ನು ಇವತ್ತೇ ಕೇಳಿದೆ ಎಂದು ಮರುದಿನವೂ ಬಂದರು, ಅದರ ಮರುದಿನವೂ ಬಂದರು.

ಹಸೈನಾರ್ ಕೇಳಿದ್ದು ಒಂದೇ. ಅಳಿಸಬೇಡ ಅಂತ ಮುಸ್ಲಿಯಾರರು ಹೇಳಿದರಾ?

ಇಲ್ಲ ಅಂದ ಸರ್ಫರಾಝ್. ಶರೀಫಾ ಕೇಳಿದಳಂತೆ. ಪವಿತ್ರವಾದದ್ದೇನೂ ಇಲ್ಲ, ಮೇಲೆ ಮಾತಾಡಿದರೆ ದೋಷವಿಲ್ಲ ಎಂದರಂತೆ.

ಹಸೈನಾರ್ ಅವನ ಕೈಯಿಂದ ಕ್ಯಾಸೆಟ್ಟು ತೆಗೆದುಕೊಂಡ. ಅದನ್ನು ತಾನೊಬ್ಬನೇ ಕೇಳುವ ಧೈರ್ಯ ಬರಲಿಲ್ಲ. ಅಲ್ ಗರಾಫಾಕ್ಕೆ ಬಂದು ಮುನೀರಾಳನ್ನು ಕರೆದ. ಚಪ್ಪರದಡಿ ಇಬ್ಬರೂ ಕೂತರು. ಅವಳು ಗುಂಡಿ ಒತ್ತಿದಳು.

'ಹ್ಸೇನ್, ಹತ್ತಿರ ಕೂರು, ನಾನೇನು ಕೂಗಬೇಕಾ?' ಅಂದಿತು ಮುದುಕಿಯ ಧ್ವನಿ. ಮುನೀರಾ ಬಾಯಿಗೆ ಕೈ ಅಡ್ಡ ಹಿಡಿದಳು. ಮೊದಲನೆಯ ಬದಿ ಪೂರ್ತಿ ಇತ್ತು. ಎರಡನೆಯ ಬದಿಯೂ ಇತ್ತು. ಬಾವಿ, ಕಜ್ಜಿ, ಹೆರಿಗೆ, ಸೊಸೆಯ ಅನ್ನ, ಎಲ್ಲ ಇತ್ತು. ಕೊನೆಯಲ್ಲಿ ಮುದುಕಿ ಒಂದು ಮಾತು ಅರ್ಧ ಆಡಿದ್ದಳೋ ಇಲ್ಲವೋ, ಟಕ್ ಎಂದು ಕತ್ತರಿಸಿತು. ಖಾಲಿ ಉಳಿದ ಮೂರು ನಾಲ್ಕು ನಿಮಿಷದ ಜಾಗದಲ್ಲಿ ಶರೀಫಾ ಮಾತಾಡಿದ್ದಳು. ಬಟನ್ ಒಂಚೂರು ಮುಂಚೆ ಒತ್ತಿದ್ದಳು, ಅಷ್ಟೇ ನಷ್ಟ. ಹಸೈನಾರ್ ಅಲ್‌ಹಮ್ದುಲಿಲ್ಲಾ ಎಂದು ಕಣ್ಣು ಮುಚ್ಚಿದ. ಆದರೆ ಶರೀಫಾ ಮಾತಾಡಿದ್ದು ಅವನ ಹತ್ತಿರ ಅಲ್ಲ.

"ಉಮ್ಮಾ, ಅಸ್ಸಲಾಮು ಅಲೈಕುಂ. ನಾನು ಶರೀಫಾ, ಇವರ ಹೆಂಡತಿ. ನೀವು ಹೇಳಿದ್ದು ನನಗೆ ಒಂದಕ್ಷರ ಅರ್ಥ ಆಗಲಿಲ್ಲ. ಆದರೆ ಇವರು ನಿಮ್ಮನ್ನು ಉಮ್ಮ ಅಂತ ಕರೆಯುವುದು ಗೊತ್ತಾಯಿತು."

ಟೇಪಿನೊಳಗೆ ಆ ಕಡೆ ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು.

"ನನ್ನ ಹತ್ತಿರ ಇವರು ತೆಂಗಿನಕಾಯಿ ಎಷ್ಟು, ಹಂಚು ಎಷ್ಟು ಅಂತ ಕೇಳಿ ಖಲಾಸ್ ಮಾಡ್ತಾರೆ. ನಿಮ್ಮ ಹತ್ತಿರ ಎಷ್ಟು ಮಾತು, ಎಂಥ ನಗು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಇದರ ಮೇಲೆಯೇ ಬೈದು ಕಳಿಸುವ ಅಂತ ಕೂತೆ. ಕೈ ಬರಲಿಲ್ಲ. ಎಂಟು ವರ್ಷಕ್ಕೆ ತಾಯಿ ಸತ್ತ ಹುಡುಗನಿಗೆ ಅಲ್ಲಿ ಒಬ್ಬರು ತಾಯಿ ಇದ್ದಾರಲ್ಲ. ಅದನ್ನು ನಾನು ಹೇಗೆ ಅಳಿಸುವುದು? ನೀವು ಇರುವಷ್ಟು ದಿನ ಇವರು ನಿಮ್ಮ ಹತ್ತಿರವೇ ಇರಲಿ ಉಮ್ಮಾ. ನಿಮ್ಮ ನಂತರ ನನಗೆ ಕೊಡಿ."

ಟೇಪು ಮುಗಿದು ಗುಂಡಿ ತಾನಾಗಿ ಎದ್ದಿತು. ಹಸೈನಾರ್ ನೆಲ ನೋಡುತ್ತ ಕೂತಿದ್ದ, ಗಡ್ಡಕ್ಕೆ ಕಣ್ಣೀರು ಇಳಿಯುತ್ತಿತ್ತು. ಮುನೀರಾಗೆ ಬ್ಯಾರಿ ಬಾರದು. ಚಿಕ್ಕಪ್ಪಾ, ಅವರು ಏನು ಹೇಳಿದರು ಎಂದು ಮೆಲ್ಲಗೆ ಕೇಳಿದಳು.

ಅವನಿಗೆ ಕೊನೆಯದನ್ನು ನುಂಗಿಬಿಡಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ನುಂಗಲಿಲ್ಲ. ಶರೀಫಾ ಆಡಿದ ಒಂದೊಂದು ಮಾತನ್ನೂ ಹೇಳಿದ, ಹೊಟ್ಟೆಕಿಚ್ಚನ್ನೂ ಬಿಡಲಿಲ್ಲ. ಹೇಳಿದ್ದು ಉಮ್ ಜಾಬಿರ್ ಕಲಿಸಿದ ಅರಬ್ಬಿಯಲ್ಲಿ. ಬೇರೆ ಅರಬ್ಬಿ ಅವನಿಗೆ ಬರುತ್ತಲೂ ಇರಲಿಲ್ಲ.

ಮುನೀರಾ ಕ್ಯಾಸೆಟ್ಟು ಹೊರತೆಗೆದು ಕೈಯಲ್ಲಿ ಹಿಡಿದಳು. ಅಜ್ಜಿ ಇದ್ದಿದ್ದರೆ ಇದಕ್ಕೆ ಏನು ಹೇಳುತ್ತಿದ್ದಳು ಎಂದು ಕೇಳಿದಳು.

"ಆ ಹೆಂಗಸು ಇಷ್ಟು ವರ್ಷ ಏನೂ ಕೇಳದೆ ತನ್ನ ಗಂಡನನ್ನು ಕೊಟ್ಟಿದ್ದಾಳೆ," ಅಂದ ಹಸೈನಾರ್, "ಈಗ ವಾಪಸು ಕೇಳಿದ್ದಾಳೆ, ಕೊಡದೆ ಕೂತಿದ್ದೀರಾ ಅಂತ ನಮ್ಮಿಬ್ಬರಿಗೂ ಬೈಯುತ್ತಿದ್ದರು."

ಮುನೀರಾ ಕಣ್ಣೊರೆಸಿಕೊಂಡು ಎದ್ದಳು. ನಿಮ್ಮನ್ನು ಊರಿಗೆ ಕಳಿಸುವ ಬಗ್ಗೆ ಅಪ್ಪನ ಹತ್ತಿರ ಮಾತಾಡುತ್ತೇನೆ ಅಂದಳು. ಎರಡು ವಾರದ ಹಿಂದಾಗಿದ್ದರೆ ಅವನು ಬೇಡ, ಇನ್ನೆರಡು ವರ್ಷ ಆಗಲಿ ಅನ್ನುತ್ತಿದ್ದ. ಪ್ರತಿ ರಜೆಯಲ್ಲೂ ಶರೀಫಾಳಿಗೆ ಅವನು ಹೇಳುತ್ತಿದ್ದದ್ದು ಅದನ್ನೇ. ಈಗ ತಡೆಯಲಿಲ್ಲ. ಅವಳು ಹಿತ್ತಿಲು ದಾಟಿ ಒಳಗೆ ಹೋಗುವುದನ್ನು ನೋಡುತ್ತ ಕೂತ.